ಪುನರ್ಪುಳಿ ಬೀಜ ಬಿಸಾಡಬೇಡಿ: ಗೆಳೆಯನಿಗೊಂದು ಪತ್ರ

ಮಾರಾಯ,

ನಿನ್ನ ಜಾಮ್ ಬಾಟಲಿಗಳ ಫೋಟೋ ಬಂತು. ಹನ್ನೊಂದು ಬಾಟಲಿ! ಒಂದೊಂದಕ್ಕೂ ಚೀಟಿ ಅಂಟಿಸಿ, ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿ, ಹಿಂದಿನಿಂದ ಬೆಳಕು ಬೀಳುವ ಹಾಗೆ ತೆಗೆದಿದ್ದೀಯ. ಆ ಕೆಂಪು ಬಣ್ಣ ನೋಡಿ ತುಂಬಾ ಖುಷಿಯಾಯ್ತು. ಯೊಹಾನಿಸ್‌ಬೇರೆ ಅಂತ ಹೆಸರು ಬರೆದಿದ್ದೆ, ರೆಡ್ ಕರಂಟ್ ಅನ್ನುವ ಸಣ್ಣ ಕೆಂಪು ಹಣ್ಣು. ಜೂನ್ 24ರ ಸಂತ ಯೋಹಾನರ ಹಬ್ಬದ ಹೊತ್ತಿಗೆ ಹಣ್ಣಾಗುತ್ತದೆ, ಅದಕ್ಕೇ ಆ ಹೆಸರು ಅಂತ ಓದಿ ತಿಳಿದುಕೊಂಡೆ. ಹಬ್ಬ ನೋಡಿ ಹಣ್ಣಿನ ಲೆಕ್ಕ ಹಾಕುವವರು ಜರ್ಮನಿಯಲ್ಲೂ ಇದ್ದಾರಲ್ಲ!

ಈ ಸಲ ಪುನರ್ಪುಳಿ (ಕೋಕಂ, ಮುರುಗಲ ಹುಳಿ) ಎಂತಾಯ್ತು ಅಂತ ಕೇಳಿದ್ದೆ. ನಿನಗೊಬ್ಬನಿಗೇ ಎರಡು ಸಾಲು ಬರೆದರೆ ಆಗುತ್ತಿತ್ತು. ಆದರೆ ಏಪ್ರಿಲ್ ಬಂತೆಂದರೆ ಸಿರಪ್ ಮಾಡುವುದು ಹೇಗೆ ಅಂತ ಕೇಳುವವರು ಇಲ್ಲಿ ತುಂಬಾ ಜನ ಇದ್ದಾರೆ. ಅವರೂ ಓದಲಿ.

ನೀವು ಚಳಿಗಾಲಕ್ಕೆ ಕೂಡಿಡುತ್ತೀರಿ, ನಾವು ಮಳೆಗಾಲಕ್ಕೆ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಮೇ ತಿಂಗಳು ಪೂರ್ತಿ ಇದೇ ಕೆಲಸ. ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಿಡಿ ಉಪ್ಪಿನಕಾಯಿ, ಚಾಪೆಯ ಮೇಲೆ ಪದರ ಪದರವಾಗಿ ಒಣಗುವ ಮಾವಿನ ರಸದ ಮಾಂಬಳ, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ಗದ್ದೆ ಕೆಲಸ ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಹೊರಗೆ ಕಾಲಿಡಲು ಮಳೆ ಬಿಡುವುದಿಲ್ಲ. ಆಗ ಅಟ್ಟದಿಂದ ಇಳಿದು ಬರುವುದೇ ಊಟ. ನಮ್ಮ ಮನೆಯಲ್ಲಿ ಅದರಲ್ಲಿ ಉಳಿದಿರುವುದು ಪುನರ್ಪುಳಿ ಒಂದೇ.

ಕೆಲಸ ಕಷ್ಟದ್ದಲ್ಲ. ಹಣ್ಣು ತೊಳೆದು, ಒಂದು ಹನಿ ನೀರೂ ಉಳಿಯದ ಹಾಗೆ ಬಟ್ಟೆಯಲ್ಲಿ ಒರೆಸಬೇಕು. ಎರಡು ಹೋಳು ಮಾಡಿ ಒಳಗಿನ ಬಿಳಿ ತಿರುಳು, ಬೀಜ ತೆಗೆಯಬೇಕು. ಆಮೇಲೆ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡುವುದು. ಸಕ್ಕರೆ ಸಿಪ್ಪೆಯಿಂದ ರಸ ಎಳೆಯುತ್ತದೆ, ಆ ರಸದಲ್ಲಿ ತಾನೇ ಕರಗುತ್ತದೆ. ಒಳ್ಳೆಯ ಬಿಸಿಲಿದ್ದರೆ ಒಂದು ವಾರದಲ್ಲಿ ಭರಣಿಯಲ್ಲಿ ದಾಸವಾಳದ ಬಣ್ಣದ ಪಾಕ ನಿಲ್ಲುತ್ತದೆ. ಒಲೆ ಬೇಡ, ನೀರು ಬೇಡ.

ಒಂದು ಕಿಲೋ ಹಣ್ಣಿಗೆ ಅರ್ಧ ಕಿಲೋ ಸಕ್ಕರೆ ಸಾಕಾಯ್ತು ಅಂತ ನೀನು ಬರೆದದ್ದು ನೋಡಿ ಮೊದಲು ನಂಬಲಿಲ್ಲ. ಇಲ್ಲಿ ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಬೇಕು. ಆಮೇಲೆ ನೀನು ಕಳಿಸಿದ ಸಕ್ಕರೆ ಪ್ಯಾಕೆಟ್ಟಿನ ಫೋಟೋ ಹಿಗ್ಗಿಸಿ ನೋಡಿದೆ. ಅದರಲ್ಲಿ ಪೆಕ್ಟಿನ್ ಬೆರೆಸಿಯೇ ಕೊಡುತ್ತಾರೆ. ಹಣ್ಣನ್ನು ಗಟ್ಟಿ ಮಾಡುವ ಕೆಲಸ ಅದರದ್ದು, ಮೇಲಿಂದ ನೀನು ಕುದಿಸಿ ಬಿಸಿಬಿಸಿಯಾಗಿ ಬಾಟಲಿಗೆ ಹಾಕಿ ಮುಚ್ಚಿದ್ದೀಯ. ನಮಗೆ ಸಕ್ಕರೆಯೇ ಕಾವಲು. ಪಾಕದಲ್ಲಿ ಶೇ. 65ರಷ್ಟು ಸಕ್ಕರೆ ಇದ್ದರೆ ಬೂಷ್ಟು ಬರಲು ನೀರೇ ಸಿಗುವುದಿಲ್ಲ. ಆರೋಗ್ಯ ಅಂತ ಸಕ್ಕರೆ ಕಡಿಮೆ ಹಾಕಿದವರ ಭರಣಿ ಹದಿನೈದು ದಿನದಲ್ಲಿ ಕಳ್ಳಿನ ವಾಸನೆ ಹೊಡೆಯುತ್ತದೆ.

ಈ ವರ್ಷ ನನ್ನದೂ ಹಾಗೇ ಆಯ್ತು, ಸಕ್ಕರೆ ಸರಿಯಾಗಿ ಹಾಕಿದ್ದರೂ. ಮೇ 17ರ ಶನಿವಾರ ಕಾರ್ಕಳದ ಕಡೆಯಿಂದ ಆರು ಕಿಲೋ ಹಣ್ಣು ತಂದಿದ್ದೆ. ಬಿಸಿಲು ಸಿಕ್ಕಿದ್ದು ಮೂರೇ ದಿನ. 2025ರ ಮಳೆಗಾಲ ಮೇ 24ಕ್ಕೇ ಕೇರಳಕ್ಕೆ ಬಂತಲ್ಲ, 2009ರ ನಂತರ ಅಷ್ಟು ಬೇಗ ಬಂದದ್ದು ಇದೇ ಮೊದಲು. ಅದರ ಬೆನ್ನಿಗೇ ಇಲ್ಲಿಗೂ ಬಂತು. ಭರಣಿಯನ್ನು ಒಳಗೆ ತಂದಿಟ್ಟೆ. ಅಡಿಯಲ್ಲಿ ಸಕ್ಕರೆ ಮರಳಿನ ಹಾಗೆ ಕೂತಿತ್ತು, ಮೇಲೆ ತೆಳ್ಳಗಿನ ರಸ. ನಾಲ್ಕನೇ ದಿನ ಸಣ್ಣಗೆ ನೊರೆ ಬಂತು. ಬೇರೆ ದಾರಿ ಕಾಣದೆ ಸೋಸಿ ಗ್ಯಾಸಿನ ಮೇಲೆ ಕುದಿಸಿದೆ. ಪಾಕ ಉಳಿಯಿತು, ಬಣ್ಣ ಹೋಯಿತು. ಪುನರ್ಪುಳಿಯ ಕೆಂಪಿಗೆ ಬೆಂಕಿ ಆಗುವುದಿಲ್ಲ. ಈ ಸಲದ ಏಳು ಬಾಟಲಿಯೂ ಹೆಂಚಿನ ಬಣ್ಣಕ್ಕಿದೆ.

ಆ ಕೆಂಪು ಎಷ್ಟು ಸೂಕ್ಷ್ಮ ಅಂತ ಅವತ್ತು ಕಣ್ಣಾರೆ ನೋಡಿದೆ. ಸಿಪ್ಪೆ ಬಿಡಿಸಿದ ಕೈಯನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತೊಳೆಯುತ್ತಿದ್ದೆ. ಬೆರಳ ತುದಿಯಿಂದ ಒಂದು ಹನಿ ಸಾಬೂನು ನೀರಿನ ಮೇಲೆ ಬಿತ್ತು. ಬಿದ್ದ ಜಾಗದಲ್ಲಿ ಕೆಂಪು ನೇರಳೆಯಾಯ್ತು, ನೇರಳೆ ನೀಲಿಯಾಯ್ತು. ನಾನು ಹಾಗೇ ಕೂತು ಇನ್ನೊಂದು ಹನಿ ಬಿಟ್ಟೆ, ಮತ್ತೊಂದು ಬಿಟ್ಟೆ. ಹುಳಿಯಲ್ಲಿ ಕೆಂಪಗಿರುವ ಬಣ್ಣ ಸಾಬೂನಿನ ಕ್ಷಾರ ತಾಗಿದರೆ ನೀಲಿಗೆ ತಿರುಗುತ್ತದೆ. ಇದು ಹೈಸ್ಕೂಲಿನಲ್ಲಿ ಓದಿದ್ದೇ. ಆದರೆ ಒಗೆಯುವ ಕಲ್ಲಿನ ಮೇಲೆ ನೋಡುವಾಗ ಬೇರೆಯೇ ಅನಿಸುತ್ತದೆ. ನೀನಿದ್ದರೆ ಕಲ್ಲು ಪೂರ್ತಿ ನೀಲಿ ಮಾಡುತ್ತಿದ್ದೆ.

ಈಗ ಉಡುಪಿ ಅಂಬಲಪಾಡಿಯ ನಿಮ್ಮ ಮನೆಯ ವಿಷಯ.

ಪ್ರತಿ ವರ್ಷದ ಹಾಗೆ ಒಂದು ಬಾಟಲಿ ನಿಮ್ಮ ಮನೆಗೆ ಅಂತ ಎತ್ತಿಟ್ಟಿದ್ದೆ. ಬಣ್ಣ ನೋಡಿ ಕೊಡಲು ಮನಸ್ಸಾಗದೆ ಎರಡು ತಿಂಗಳು ತಳ್ಳಿದೆ. ಕೊನೆಗೆ ಜುಲೈ 24ರ ಗುರುವಾರ, ಆಟಿ ಅಮಾವಾಸ್ಯೆಯ ದಿನ, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಎಕ್ಸ್‌ಪ್ರೆಸ್ ಬಸ್ ಹತ್ತಿ ಹೊರಟೆ. ಮುಲ್ಕಿಯಿಂದ ಕಟಪಾಡಿಯವರೆಗೆ ಒಂದೇ ಸಮ ಮಳೆ. ಬಾಟಲಿ ಮಡಿಲಲ್ಲಿತ್ತು. ಕೊಡೆ ಅದೇ, ನಿನಗೆ ಗೊತ್ತಿರುವ ಕೊಡೆ.

ನಿನ್ನ ಅಮ್ಮ ಬಾಗಿಲು ತೆರೆದವರು ಮೊದಲು ಕೇಳಿದ್ದು ಆ ದಿನ ಕುಡಿಯುವ ಹಾಲೆ ಕಷಾಯ ಕುಡಿದೆಯಾ ಅಂತ. ಇಲ್ಲ ಅಂದೆ. ಬೆಳಗ್ಗೆ ಬೇಗ ಬರುತ್ತಿದ್ದರೆ ಕೊಡುತ್ತಿದ್ದೆ, ಈಗ ಗಂಜಿಯಾದರೂ ಕುಡಿ ಅಂದರು. ಪಕ್ಕದ ಮನೆಯ ಹುಡುಗ ಬೆಳಕಾಗುವ ಮೊದಲೇ ಹೋಗಿ ಆ ಕಷಾಯಕ್ಕೆ ಹಾಲೆ ಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತಂದು ಕೊಟ್ಟನಂತೆ. ನಾನು ಎಂದಿನ ಹಾಗೆ ನಿಂತಲ್ಲೇ ಬಾಟಲಿ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಬೀಜ ಎಂತ ಮಾಡಿದೆ ಮಗಾ?"

"ತೆಂಗಿನ ಬುಡಕ್ಕೆ ಹಾಕಿದೆ."

"ಅಯ್ಯೋ. ತುಪ್ಪ ಇರುವುದು ಅದರಲ್ಲೇ ಅಲ್ವಾ? ಒಂತೆ ಕುಲ್ಲ್, ತೋರಿಸ್ತೇನೆ."

ಕೂತೆ. ಒಳಗಿನಿಂದ ಕಾಗದದಲ್ಲಿ ಸುತ್ತಿದ ಒಂದು ಉಂಡೆ ತಂದರು. ನಿಂಬೆಹಣ್ಣಿನ ಗಾತ್ರ, ಹಳೆಯ ಮೇಣದ ಬಣ್ಣ, ಕಲ್ಲಿನಷ್ಟು ಗಟ್ಟಿ. ಉಗುರಿನಿಂದ ಒಂದು ಚೂರು ಕೆರೆದು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚು ಅಂದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೆಲ್ಲಗೆ ಅಂಚು ಜಾರಿತು, ನಿಧಾನಕ್ಕೆ ಕೈಯೆಲ್ಲ ನುಣ್ಣಗಾಯ್ತು. ವಾಸನೆ ಇಲ್ಲವೇ ಇಲ್ಲ. ಬೀಜವನ್ನು ಚೆನ್ನಾಗಿ ಒಣಗಿಸಿ, ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಕುದಿಸುವುದಂತೆ. ಜಿಡ್ಡು ಮೇಲೆ ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಹೆಪ್ಪುಗಟ್ಟಿರುತ್ತದೆ, ಎತ್ತಿ ಉಂಡೆ ಕಟ್ಟುವುದು. ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ ಅಂದರು. ಹಿಂದೆ ಇದರಲ್ಲೇ ಅಡುಗೆ ಮಾಡುತ್ತಿದ್ದವರೂ ಇದ್ದರಂತೆ. ಇಷ್ಟು ವರ್ಷ ಸಿಪ್ಪೆ ಇಟ್ಟುಕೊಂಡು ಬೀಜ ಬಿಸಾಡಿದೆನಲ್ಲ ಅಂತ ಹೊಟ್ಟೆ ಉರಿಯಿತು. ಇದನ್ನು ಓದುವ ಉಳಿದವರಿಗೂ ಹೇಳುತ್ತೇನೆ, ಮುಂದಿನ ಏಪ್ರಿಲ್‌ನಲ್ಲಿ ಬೀಜವನ್ನು ಬೇರೆ ಪಾತ್ರೆಗೆ ತೆಗೆದಿಡಿ.

ಮೆಂತೆ ಗಂಜಿ ಕುಡಿದು ಬಟ್ಟಲು ಇಡಲು ಅಡುಗೆ ಮನೆಗೆ ಹೋದೆ. ಕಿಟಕಿ ಪಕ್ಕದ ಹಲಗೆಯ ಮೇಲೆ ನನ್ನ ಬಾಟಲಿಗಳಿದ್ದವು. 2022, 2023, 2024. ನನ್ನದೇ ಅಕ್ಷರ. ಮೂರರ ಮುಚ್ಚಳವನ್ನೂ ತೆರೆದಿರಲಿಲ್ಲ. 2022ರದ್ದು ಕಾಫಿ ಕಷಾಯದ ಹಾಗೆ ಕಪ್ಪಾಗಿತ್ತು. ಆದರೆ ಒಂದರ ಮೇಲೂ ಧೂಳಿರಲಿಲ್ಲ. ಅವರು ಹಿಂದಿನಿಂದ ಬಂದು ಹೊಸ ಬಾಟಲಿಯನ್ನು ಅದರ ಪಕ್ಕ ಇಟ್ಟರು. "ನನಗೆ ಶುಗರ್ ಅಲ್ವಾ, ಕುಡಿಯಲಿಕ್ಕಾಗುವುದಿಲ್ಲ. ಅವನು ಬಂದಾಗ ಕುಡಿಯಲಿ ಅಂತ ಇಟ್ಟಿದ್ದೇನೆ" ಅಂದರು. ಬೇಜಾರು ಮಾಡಿಕೊಂಡು ಹೇಳಿದ್ದಲ್ಲ. ಅಕ್ಕಿ ಡಬ್ಬಿ ಎಲ್ಲಿದೆ ಅಂತ ಹೇಳುವ ಹಾಗೆ ಹೇಳಿದರು.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ.

ಅವರಿಗೆ ಶುಗರ್ ಇರುವುದು ನನಗೆ ಗೊತ್ತಿತ್ತು. ಮೊದಲ ಬಾಟಲಿ ಕೊಟ್ಟ ವರ್ಷವೇ ನೀನು ಹೇಳಿದ್ದೆ. ಗೊತ್ತಿದ್ದೂ ಪ್ರತಿ ವರ್ಷ ಎರಡು ಪಾಲು ಸಕ್ಕರೆ ಸುರಿದ ಅದೇ ಬಾಟಲಿ ಹಿಡಿದುಕೊಂಡು ಹೋದೆ. ಯಾಕೆ ಅಂತ ಬಸ್ಸಿನಲ್ಲಿ ವಾಪಸ್ ಬರುವಾಗ ಕಾಪು ದಾಟುವವರೆಗೂ ಯೋಚಿಸಿದೆ. ಕೈಯಲ್ಲಿ ಒಂದು ಬಾಟಲಿ ಇದ್ದರೆ ಬಾಗಿಲಲ್ಲೇ ಕೊಟ್ಟು, ಚೆನ್ನಾಗಿದ್ದೀರಾ ಅಂತ ಕೇಳಿ, ಇನ್ನೊಂದು ಕೆಲಸ ಉಂಟು ಅಂತ ಹತ್ತು ನಿಮಿಷದಲ್ಲಿ ಹೊರಡಬಹುದು. ಬರಿಗೈಯಲ್ಲಿ ಹೋದವನು ಕೂರಬೇಕಾಗುತ್ತದೆ. ಕೂತರೆ ಅವರು ನಿನ್ನ ವಿಷಯ ಕೇಳುತ್ತಾರೆ.

ಕೇಳಿದರು. ಕೇಳದೆ ಇರುತ್ತಾರಾ? ಮಾರ್ಚ್‌ನಲ್ಲಿ ನೀನು ರಾತ್ರಿ ಫೋನ್ ಮಾಡಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅವರು ನಾಲ್ಕು ಬಾಟಲಿಗಳನ್ನು ಸಾಲು ಸರಿ ಮಾಡಿ ನಿಲ್ಲಿಸುವುದನ್ನು ನೋಡುತ್ತಾ, "ರಜೆ ಸಿಕ್ಕಿದರೆ ಬರ್ತಾನೆ ಅಮ್ಮ" ಅಂತ ನಾನು ಹೇಳಿದೆ. ಅದು ನನಗೆ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಿನ್ನ ಮೇಲೆ ಸಿಟ್ಟಿಲ್ಲ, ನಿಜವಾಗಿಯೂ ಇಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ ಆ ಮಾತನ್ನು ಅವರು ನಿನ್ನ ಬಾಯಿಂದ ಕೇಳಬೇಕು. ಇನ್ನೊಮ್ಮೆ ನನ್ನ ಹತ್ತಿರ ಆ ಸುಳ್ಳು ಹೇಳಲಿಕ್ಕೆ ಆಗುವುದಿಲ್ಲ.

ಜಾಸ್ತಿ ಬರೆದೆ. ಇರಲಿ, ಅಳಿಸುವುದಿಲ್ಲ. ಈ ಪತ್ರದ ವಿಷಯ ಅಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೆ, ಫೋಟೋ ಮಾತ್ರ ಹಾಕಬೇಡ" ಅಂದಿದ್ದಾರೆ. ಮಾರ್ಚ್‌ನ ವಿಷಯ ಅವರಿಗೆ ಹೇಳಿಲ್ಲ, ಹೆದರಬೇಡ. ಅವರು ಇದನ್ನೆಲ್ಲ ಓದುವವರೂ ಅಲ್ಲ.

ಒಳ್ಳೆಯ ಸುದ್ದಿ ಇಷ್ಟು. ಅವತ್ತು ಮೂರು ಗಂಟೆ ಕೂತೆ. ಮಧ್ಯಾಹ್ನಕ್ಕೆ ಒಣ ಸಿಪ್ಪೆಯ ಸಾರು ಮಾಡಿದರು. ಹಸಿಮೆಣಸು ಸೀಳಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ. ಬೆಲ್ಲ ನನ್ನ ಬಟ್ಟಲಿಗೆ ಮಾತ್ರ. ಹೊರಗೆ ಮಳೆ ಹೊಡೆಯುವಾಗ ಬಿಸಿ ಅನ್ನ, ಆ ಸಾರು, ಸುಟ್ಟ ಹಪ್ಪಳ. ನಿನಗೆ ಹೊಟ್ಟೆಕಿಚ್ಚಾಗಲಿ ಅಂತಲೇ ಬರೆಯುತ್ತಿದ್ದೇನೆ. ಮುಂದಿನ ಮೇ ತಿಂಗಳಲ್ಲಿ ಅವರಿಗೆ ಸಿರಪ್ ಬೇಡ, ಸಕ್ಕರೆ ಮುಟ್ಟದ ಒಣ ಸಿಪ್ಪೆ ಎರಡು ಕಿಲೋ ಅಂತ ಮಾತಾಗಿದೆ. ಮಳೆ ಬೇಗ ಬಂದರೆ ಒಣಗುವುದಿಲ್ಲ, ಆದ್ದರಿಂದ ಏಪ್ರಿಲ್ ಕೊನೆಗೇ ಹಣ್ಣು ತರುತ್ತೇನೆ. ಬೀಜವನ್ನೂ ತರಬೇಕು, ಕುಟ್ಟುವುದು ನಾನು, ಕುದಿಸುವುದು ಅವರು.

ನಿನ್ನ ಜಾಮ್ ಫೋಟೋ ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಆ ಹಣ್ಣಿಗೆ ಬೀಜ ಇಲ್ವಾ, ಇದ್ದರೆ ಅಲ್ಲಿಯವರು ಅದನ್ನು ಎಂತ ಮಾಡುತ್ತಾರೆ ಅಂತ. ನನಗೆ ಗೊತ್ತಿಲ್ಲ ಅಂದೆ. ನೀನು ಯಾರನ್ನಾದರೂ ವಿಚಾರಿಸು. ಉತ್ತರ ನನಗೆ ಬರೆಯಬೇಡ, ಅವರಿಗೇ ಫೋನ್ ಮಾಡಿ ಹೇಳು. ಸಂಜೆ ದೀಪ ಹಚ್ಚಿದ ಮೇಲೆ ಅವರು ಫೋನಿನ ಹತ್ತಿರವೇ ಕೂತಿರುತ್ತಾರೆ, ನಿನಗೆ ಆಗ ಇನ್ನೂ ಮಧ್ಯಾಹ್ನ.

ನಿನ್ನ ಮಾರಾಯ