ಓಟದ ಮೈದಾನದಲ್ಲಿ ಒಂದು ಐಸ್ ಟಬ್ ಇರಲಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬಿಸಿಲಿಗಾಗಿ ಸರ್ಕಾರವೇ ಮಾಡಿದ ಏರ್ಪಾಡು ಇದು. ಒಳ್ಳೆಯ ಏರ್ಪಾಡು. ಫ್ಯಾನ್ ಕೆಳಗೆ ಕೂತವರಿಗೂ ಇಲ್ಲಿನ ಝಳ ತಡೆಯಲು ಆಗುವುದಿಲ್ಲ ಅಂತ ಸರ್ಕಾರಕ್ಕೆ ಗೊತ್ತಿದೆ ಅಂದಹಾಗಾಯಿತು, ಅಲ್ವಾ? ಹಾಗಾದರೆ ಅದೇ ಊರಲ್ಲಿ, ಅದೇ ತಿಂಗಳಲ್ಲಿ, ಪೊಲೀಸ್ ಕೆಲಸಕ್ಕೆ, ಅಗ್ನಿವೀರಕ್ಕೆ, ಕ್ರೀಡಾಕೂಟಕ್ಕೆ ಅಂತ ಬಯಲಲ್ಲಿ ಓಡುವ ಮಕ್ಕಳಿಗೆ ಏನು ಏರ್ಪಾಡಿದೆ? ಇದನ್ನು ಕೇಳಲೆಂದೇ ಬರೆಯುತ್ತಿದ್ದೇನೆ. ಪತ್ರ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ದೈಹಿಕ ಶಿಕ್ಷಕ. ಶಾಲೆಯ ಕೆಲಸದ ಜೊತೆಗೆ ಬೆಳಿಗ್ಗೆ ಸಂಜೆ ಒಂದಿಷ್ಟು ಹುಡುಗರಿಗೆ ಓಟ ಹೇಳಿಕೊಡುತ್ತೇನೆ. ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯಿಂದ ಬಂದು ನಾಲ್ಕೈದು ಜನ ಸೇರಿ ಒಂದು ರೂಮು ಹಿಡಿದು ಇರುವವರೇ ಜಾಸ್ತಿ. ಕೆಲವು ವರ್ಷಗಳ ಹಿಂದೆ, ಮಾರ್ಚ್ ಕೊನೆಯಲ್ಲಿ, ನನ್ನ ಕಣ್ಣೆದುರೇ ಒಬ್ಬ ಹುಡುಗ ಬಿದ್ದ.

ಅವತ್ತು 1600 ಮೀಟರ್ ಓಟದ ಟೈಮಿಂಗ್ ತೆಗೆಯುತ್ತಿದ್ದೆವು. ಕಾನ್‌ಸ್ಟೇಬಲ್ ಪರೀಕ್ಷೆಗೆ ಹುಡುಗರು ಇದನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಅವನಿಗೆ ಮೊದಲ ಸಲ ಹತ್ತು ಸೆಕೆಂಡ್ ತಡವಾಯಿತು. ಇನ್ನೊಂದು ಸಲ ಓಡ್ತೀನ್ರಿ ಸರ್ ಅಂದ. ಓಡಿಸಿದೆ. ಮತ್ತೆ ತಡ. ಮೂರನೇ ಸಲವೂ ಓಡಿಸಿದೆ. ಆಗ ಗಂಟೆ ಒಂಬತ್ತೂವರೆ ದಾಟಿತ್ತು. ಎರಡು ದಿನ ಹಿಂದೆ ಜ್ವರ ಬಂದು ಹೋಗಿತ್ತು, ರಾತ್ರಿಯೆಲ್ಲ ಢಾಬಾದಲ್ಲಿ ಕೆಲಸ ಮಾಡಿ ನಿದ್ದೆ ಇಲ್ಲದೆ ಬಂದಿದ್ದ, ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಮೂರನೇ ಸಲ ಅರ್ಧ ಓಡಿದವನು ಟ್ರ್ಯಾಕ್ ಬಿಟ್ಟು ಕಾಂಪೌಂಡ್ ಗೋಡೆಯ ಕಡೆ ಹೋಗತೊಡಗಿದ. ಕೂಗಿ ನಿಲ್ಲಿಸಿದರೆ ನನ್ನ ಮುಖವನ್ನೇ ದಿಟ್ಟಿಸಿ "ಜೇವರ್ಗಿ ಬಸ್ ಹೋಯ್ತೇನ್ರಿ?" ಅಂದ. ನಾನು ಬೈದೆ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಎರಡು ನಿಮಿಷಕ್ಕೆ ದೊಪ್ಪನೆ ಬಿದ್ದ.

ಆಮೇಲೆ ನಾವು ಮಾಡಿದ್ದೆಲ್ಲ ತಪ್ಪು. ಮೈಯೆಲ್ಲ ಬೆವರು ಸುರಿಯುತ್ತಿತ್ತು, ಹಾಗಾಗಿ ಬಿಸಿಲು ಬಡಿದಿದ್ದಲ್ಲ, ಸುಸ್ತು ಅಂದೆವು. ಒಬ್ಬರು ಫಿಟ್ಸ್ ಅಂತ ಕೈಗೆ ಬೀಗದ ಕೈ ಕೊಟ್ಟರು. ಇನ್ನೊಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಬಾಯಿಗೆ ನೀರು ಹಾಕಲು ಹೋಗಿ ಅದು ಗಂಟಲಿಗೆ ಸಿಕ್ಕಿತು. ಕೊನೆಗೆ ಆಟೋದಲ್ಲಿ ಹಾಕಿಕೊಂಡು ಹೊರಟೆವು. ಗೇಟು, ಟ್ರಾಫಿಕ್ಕು, ಮೇಲೆ ಕಾದ ಆಟೋ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಹತ್ತಿರ ಆಗಿತ್ತು. ಅಲ್ಲಿ ಬಗಲಲ್ಲಿ ಥರ್ಮಾಮೀಟರ್ ಇಟ್ಟು 101 ಫ್ಯಾರನ್‌ಹೀಟ್ ಇದೆ ಅಂದರು, ಜ್ವರದ ಇಂಜೆಕ್ಷನ್ ಕೊಟ್ಟು ಗ್ಲೂಕೋಸ್ ಹಚ್ಚಿದರು. ಸಂಜೆ ಹೊತ್ತಿಗೆ ಅವನ ಮೂತ್ರ ಕರೀ ಚಹಾದ ಬಣ್ಣಕ್ಕೆ ತಿರುಗಿತ್ತು. ಕಿಡ್ನಿ ಕೈಕೊಟ್ಟಿತು. ಬೇರೆ ಆಸ್ಪತ್ರೆಗೆ ಹೋಗಿ ಕೆಲವು ವಾರ ಡಯಾಲಿಸಿಸ್ ಆಯಿತು. ಬದುಕಿದ, ದೇವರು ದೊಡ್ಡವನು. ಆದರೆ ಓಟ ಅಲ್ಲಿಗೇ ನಿಂತಿತು.

ಆ ಮೇಲೆ ನಾನು ಸಿಕ್ಕ ಸಿಕ್ಕ ವೈದ್ಯರನ್ನೆಲ್ಲ ಕೇಳಿದೆ, ಓದಿದೆ. ಆಗ ತಿಳಿದಿದ್ದನ್ನು ಎಲ್ಲ ಕೋಚ್‌ಗಳಿಗೂ ತಂದೆ ತಾಯಿಗಳಿಗೂ ಹೇಳಬೇಕು ಅನಿಸಿದೆ.

ಬಿಸಿಲು ಬಡಿಯುವುದರಲ್ಲಿ ಎರಡು ಥರ ಇದೆ. ವಯಸ್ಸಾದವರು, ಕಾಯಿಲೆಯವರು ನಾಲ್ಕಾರು ದಿನದ ಧಗೆಯಲ್ಲಿ ಬಳಲಿ ಮಲಗಿಬಿಡುವುದು ಒಂದು. ಗಟ್ಟಿಮುಟ್ಟಾದ ಹುಡುಗರು ಓಡುತ್ತಾ ಓಡುತ್ತಾ ಬೀಳುವುದು ಇನ್ನೊಂದು. ಇದಕ್ಕೆ ವೈದ್ಯರು ಎಕ್ಸರ್ಷನಲ್ ಹೀಟ್ ಸ್ಟ್ರೋಕ್ ಅನ್ನುತ್ತಾರೆ. ಇಲ್ಲಿ ಬಿಸಿಲಿಗಿಂತ ಜಾಸ್ತಿ ಬೇಯಿಸುವುದು ನಮ್ಮದೇ ಮಾಂಸಖಂಡ. ಓಡುವಾಗ ದೇಹ ಸುಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಬರೀ ಶಾಖವಾಗುತ್ತದೆ. ಆ ಶಾಖ ಬೆವರಿನ ಮೂಲಕ ಹೊರಗೆ ಹೋಗಬೇಕು. ಗಾಳಿಯೇ 42 ಡಿಗ್ರಿ ಇದ್ದರೆ ಅದೂ ಮೈಯನ್ನು ಕಾಯಿಸುತ್ತದೆ, ಬೆವರಿಗೆ ಕೆಲಸ ಇನ್ನೂ ಜಾಸ್ತಿ. ಮಳೆಗಾಲದ ಕುದಿಯಲ್ಲಿ ಬೆವರು ಆರುವುದೇ ಇಲ್ಲ, ಆದ್ದರಿಂದ ಜೂನ್ ಜುಲೈನಲ್ಲಿ ಮೋಡ ಇದ್ದಾಗಲೂ ಹೀಗಾಗಬಹುದು. ಮೈಯೊಳಗಿನ ಶಾಖ 40 ಡಿಗ್ರಿ ಸೆಲ್ಸಿಯಸ್ (104 ಫ್ಯಾರನ್‌ಹೀಟ್) ದಾಟಿ, ಅದರ ಜೊತೆ ತಲೆ ಕೆಟ್ಟರೆ, ಅಂದರೆ ತೊದಲು, ತಪ್ಪು ಮಾತು, ಸಿಟ್ಟು, ದಿಕ್ಕು ತಪ್ಪಿ ಓಡುವುದು, ಇದಾಗಿದ್ದರೆ ಅದು ಹೀಟ್ ಸ್ಟ್ರೋಕೇ. ಬೆವರು ನಿಲ್ಲಲಿ ಅಂತ ಕಾಯಬೇಡಿ. ಓಡುವವರಿಗೆ ಬೆವರು ಸುರಿಯುತ್ತಿರುವಾಗಲೇ ಇದು ಬರಬಹುದು. "ಜೇವರ್ಗಿ ಬಸ್ ಹೋಯ್ತೇನ್ರಿ" ಅಂದ ಕ್ಷಣವೇ ನನಗೆ ತಿಳಿಯಬೇಕಿತ್ತು.

ತಿಳಿದರೆ ಏನು ಮಾಡಬೇಕು? ಮೊದಲು ಅಲ್ಲೇ ತಣಿಸಬೇಕು, ಆಮೇಲೆ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕೂಡಲೇ ಫೋನ್ ಮಾಡಿ, ಆದರೆ ಗಾಡಿ ಬರಲಿ ಅಂತ ಸುಮ್ನೆ ನಿಲ್ಲಬೇಡಿ. ಗಾಡಿ ಬಂದರೂ ಮೈ ತಣ್ಣಗಾಗುವವರೆಗೆ ಎತ್ತಬೇಡಿ. ಬಿದ್ದ ಮೊದಲ ಅರ್ಧ ಗಂಟೆಯೊಳಗೆ ಒಳಗಿನ ಶಾಖ 39 ಡಿಗ್ರಿ ಆಸುಪಾಸಿಗೆ ಇಳಿಯಬೇಕು. ಎಷ್ಟು ಹೊತ್ತು ದೇಹ ಒಳಗೇ ಬೇಯುತ್ತದೋ ಅಷ್ಟು ಕಿಡ್ನಿ, ಲಿವರ್, ಮೆದುಳಿಗೆ ಏಟು. ನಾವು ಆಟೋದಲ್ಲಿ ಕಳೆದ ಮುಕ್ಕಾಲು ಗಂಟೆ ಅದೇ ಹೊತ್ತು.

ತಣಿಸಲು ಐಸ್ ನೀರಿನ ಟಬ್‌ನಷ್ಟು ಒಳ್ಳೆಯದು ಯಾವುದೂ ಇಲ್ಲ. ಒದ್ದೆ ಕರ್ಚೀಫ್ ಹಣೆಗೆ ಹಾಕಿದರೆ ಸಾಲದು. ಕುತ್ತಿಗೆ ಮುಳುಗುವಷ್ಟು ಕೂರಿಸಿ, ಬಗಲಲ್ಲಿ ಟವೆಲ್ ಹಾಕಿ ಹಿಂದಿನಿಂದ ಒಬ್ಬರು ಹಿಡಿದು ತಲೆ ನೀರಿನ ಮೇಲೆ ಇರುವಂತೆ ನೋಡಿಕೊಳ್ಳಬೇಕು, ಇನ್ನೊಬ್ಬರು ನೀರು ಕದಡುತ್ತಿರಬೇಕು. ಹೀಗೆ ಮಾಡಿದರೆ ಐದು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ನಮ್ಮೂರಲ್ಲಿ ಬರೀ ನಲ್ಲಿ ನೀರು ನಂಬಬೇಡಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರು ಸ್ನಾನಕ್ಕೆ ಕಾಸಿದಂತೆ ಇರುತ್ತದೆ. ನೀರು 15 ಡಿಗ್ರಿಗಿಂತ ತಣ್ಣಗಿರಬೇಕು, ಅದಕ್ಕೆ ಐಸ್ ಬೇಕೇ ಬೇಕು.

ಟಬ್ ಎಲ್ಲಿಂದ ತರೋದು ಅನ್ನಬೇಡಿ. ದನಕ್ಕೆ ನೀರಿಡುವ ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಸಾಕು. ಅದೂ ಇಲ್ಲವೇ, ತಾಡಪತ್ರಿ ಇದೆಯಲ್ಲ! ತೊಗರಿ ರಾಶಿ ಮಾಡುವ ನಮ್ಮ ಜಿಲ್ಲೆಯಲ್ಲಿ ತಾಡಪತ್ರಿ ಇಲ್ಲದ ಮನೆ ಯಾವುದು? ಹುಡುಗನನ್ನು ಅದರ ನಡುವೆ ಮಲಗಿಸಿ, ನಾಲ್ಕೈದು ಜನ ಸುತ್ತ ಅಂಚು ಎತ್ತಿ ಜೋಳಿಗೆಯಂತೆ ಹಿಡಿದು, ನಾಲ್ಕಾರು ಕೊಡ ನೀರು ಮತ್ತು ಐಸ್ ಸುರಿದು ಅತ್ತಿತ್ತ ತೂಗುತ್ತಿದ್ದರೆ ಆಯಿತು. ಇದು ನನ್ನ ಕಲ್ಪನೆ ಅಲ್ಲ, ಅಮೆರಿಕದಲ್ಲಿ ಟಬ್ ಇಲ್ಲದ ಕಡೆ ಹೀಗೇ ಮಾಡುತ್ತಾರೆ. ಅಲ್ಲಿನ ಫಾಲ್ಮತ್ ಅನ್ನೋ ಊರಲ್ಲಿ ಪ್ರತಿ ಆಗಸ್ಟ್‌ನಲ್ಲಿ ಏಳು ಮೈಲಿ ಓಟ ನಡೆಯುತ್ತದೆ. 18 ವರ್ಷದ ಲೆಕ್ಕದಲ್ಲಿ 274 ಜನಕ್ಕೆ ಹೀಟ್ ಸ್ಟ್ರೋಕ್ ಆಗಿತ್ತು. ಓಟ ಮುಗಿಯುವ ಗೆರೆಯ ಹತ್ತಿರವೇ ಐಸ್ ಟಬ್ ಇಟ್ಟುಕೊಂಡು ಕಾಯುತ್ತಿದ್ದರಿಂದ ಒಬ್ಬರೂ ಸಾಯಲಿಲ್ಲ. 274ರಲ್ಲಿ 274 ಜನ ಬದುಕಿದರು. ಅದೇ ದೇಶದಲ್ಲಿ, 2018ರಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಫುಟ್‌ಬಾಲ್ ಆಟಗಾರ ಜೋರ್ಡನ್ ಮೆಕ್‌ನೇರ್ ಅಭ್ಯಾಸದಲ್ಲಿ ಕುಸಿದಾಗ ಯಾರೂ ಐಸ್ ನೀರಿಗೆ ಇಳಿಸಲಿಲ್ಲ. ಎರಡು ವಾರಕ್ಕೆ ತೀರಿಕೊಂಡ. ದುಡ್ಡು, ಡಾಕ್ಟರು, ಸಲಕರಣೆ ಎಲ್ಲ ಇದ್ದ ಕಡೆಯೇ ಹೀಗಾಯಿತು ಅಂದರೆ, ಇದು ದುಡ್ಡಿನ ಮಾತಲ್ಲ. ಗೊತ್ತಿರೋದು, ತಯಾರಾಗಿರೋದು, ಇಷ್ಟೇ.

ಥರ್ಮಾಮೀಟರ್ ಬಗ್ಗೆ ಮುಜುಗರ ಬಿಟ್ಟು ಹೇಳಲೇಬೇಕು. ಬಗಲು, ಹಣೆ, ಕಿವಿ, ಬಾಯಿ, ಇಲ್ಲಿಟ್ಟು ನೋಡಿದರೆ ಓಡಿ ಬಿದ್ದವನ ನಿಜವಾದ ಶಾಖ ಸಿಗುವುದಿಲ್ಲ. ಗುದದಲ್ಲಿ ಇಟ್ಟು ನೋಡಿದರೆ ಮಾತ್ರ ಸರಿ. ಅದಕ್ಕೆ ತರಬೇತಿ ಪಡೆದ ನರ್ಸೋ ಡಾಕ್ಟರೋ ಬೇಕು. ಅವರು ಇಲ್ಲದಿದ್ದರೆ ಅಳೆಯುತ್ತಾ ಕೂರಬೇಡಿ, ಅನುಮಾನ ಬಂದ ಕೂಡಲೇ ತಣಿಸಿ. ಹದಿನೈದು ನಿಮಿಷದಷ್ಟು ಇಟ್ಟು, ಅಥವಾ ಜೋರಾಗಿ ನಡುಗಲು ಶುರುವಾದರೆ ತೆಗೆಯಿರಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಇದು ಸೋಂಕಿನ ಜ್ವರವಲ್ಲ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಲೇಬೇಡಿ.

ಇಷ್ಟು ದೂರ ಬರದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ನಮ್ಮ ಹುಡುಗರು ಏನು ಮಾಡುತ್ತಾರೆ? ನೇಮಕಾತಿಯ ಪ್ರಕಟಣೆ ಬರುವವರೆಗೆ ಸುಮ್ನಿದ್ದು, ಬಂದ ಮರುದಿನದಿಂದಲೇ ಎರಡು ಹೊತ್ತು ಓಡುತ್ತಾರೆ. ಮೊದಲ ವಾರ ಅರ್ಧ ಓಡಿ, ನಿಧಾನಕ್ಕೆ ಏರಿಸಿ. ಮೂರು ದಿನದ ಹಿಂದೆ ಜ್ವರ, ವಾಂತಿ, ಭೇದಿ ಆಗಿದ್ದರೆ ಓಡಿಸಬೇಡಿ. ನಾನು ಈಗ ದಿನಾ ಬೆಳಿಗ್ಗೆ ಪ್ರತಿಯೊಬ್ಬರನ್ನೂ ಎರಡು ಪ್ರಶ್ನೆ ಕೇಳುತ್ತೇನೆ. ರಾತ್ರಿ ನಿದ್ದೆ ಆಯ್ತಾ? ಮೈಯಲ್ಲಿ ಹುಷಾರಿದ್ದೀಯಾ? ಇಲ್ಲ ಅಂದವರು ನೆರಳಲ್ಲಿ ಕೂರುತ್ತಾರೆ, ಬೈಗುಳ ಇಲ್ಲ. ತಡವಾಗಿ ಬಂದಿದ್ದಕ್ಕೆ ಹತ್ತು ರೌಂಡ್ ಹೊಡಿ ಅನ್ನುವ ಶಿಕ್ಷೆ ನಿಲ್ಲಿಸಿಬಿಟ್ಟೆ. ಕುಸ್ತಿ, ಕಬಡ್ಡಿ ಹುಡುಗರು ತೂಕ ಇಳಿಸಲು ಪ್ಲಾಸ್ಟಿಕ್ ಸುತ್ತಿಕೊಂಡು ಓಡುತ್ತಾರಲ್ಲ, ಅದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿಯೇ ಸತ್ತರು, ಆಮೇಲೆ ಅಲ್ಲಿ ರಬ್ಬರ್ ಸೂಟ್ ನಿಷೇಧ ಆಯಿತು.

ಇನ್ನು ಕ್ರೀಡಾಕೂಟಗಳ ವಿಷಯ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಬೆಳಿಗ್ಗೆ ಏಳಕ್ಕೆ ಮಕ್ಕಳನ್ನು ಕರೆಸುತ್ತೇವೆ. ಎಷ್ಟೋ ಮಕ್ಕಳು ಹಳ್ಳಿಯಿಂದ ಮೊದಲ ಬಸ್ಸಿಗೆ, ಖಾಲಿ ಹೊಟ್ಟೆಯಲ್ಲಿ ಬಂದಿರುತ್ತಾರೆ. ಉದ್ಘಾಟನೆಗೆ ಅತಿಥಿಗಳು ಬರಬೇಕು. ಹತ್ತಾಗುತ್ತದೆ, ಹತ್ತೂವರೆ ಆಗುತ್ತದೆ, ಪಥಸಂಚಲನಕ್ಕೆ ಸಾಲಾಗಿ ನಿಂತ ಮಕ್ಕಳು ಬಿಸಿಲಲ್ಲೇ ನಿಂತಿರುತ್ತಾರೆ, ಭಾಷಣ ಆಗುತ್ತದೆ, ಸನ್ಮಾನ ಆಗುತ್ತದೆ, ಕೊನೆಗೆ 1500 ಮೀಟರ್, 3000 ಮೀಟರ್ ಓಟ ಶುರುವಾಗುವುದು ಮಟಮಟ ಮಧ್ಯಾಹ್ನ. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಅನ್ನು ಬಿಸಿಲಿಗೆ ಹೆದರಿ ನಡುರಾತ್ರಿ ಓಡಿಸಿದರು. ಆದರೂ 68 ಜನರಲ್ಲಿ 28 ಜನ ಮುಗಿಸಲಾಗಲಿಲ್ಲ. ಟೋಕಿಯೋ ಒಲಿಂಪಿಕ್ಸ್‌ನ ಮ್ಯಾರಥಾನ್ ಅನ್ನು ಬಿಸಿಲಿಗಾಗಿಯೇ ಸಪ್ಪೊರೊ ಎಂಬ ತಣ್ಣನೆಯ ಊರಿಗೆ ಒಯ್ದರು. ನಾವು ಊರು ಬದಲಿಸುವುದು ಬೇಡ, ಉದ್ಘಾಟನೆಯನ್ನು ಸಂಜೆಗೆ ಇಟ್ಟು ಓಟವನ್ನು ಬೆಳಿಗ್ಗೆ ಏಳಕ್ಕೇ ಶುರು ಮಾಡಿ ಮುಗಿಸಿದರೆ ಆಗದೇ?

ನೇಮಕಾತಿಯಲ್ಲೂ ಅಷ್ಟೇ. 2024ರ ಆಗಸ್ಟ್‌ನಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೇಬಲ್ ಆಯ್ಕೆಯ 10 ಕಿಲೋಮೀಟರ್ ಓಟದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಎಲ್ಲ ಸಾವಿಗೂ ಬಿಸಿಲೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಕೆಲಸದ ಆಸೆಗೆ ಓಡುವವನು ತಾನಾಗಿ ನಿಲ್ಲುವುದಿಲ್ಲ. ಮನೆಯಲ್ಲಿ ಸಾಲ ಇದೆ, ವಯಸ್ಸಿನ ಮಿತಿ ಮುಗಿಯುತ್ತಿದೆ, ಇದೇ ಕೊನೆಯ ಅವಕಾಶ ಅಂತ ಬಂದವನು ಕಣ್ಣು ಕತ್ತಲೆ ಬಂದರೂ ಓಡುತ್ತಾನೆ. ನಿಲ್ಲಿಸುವವರು ಹೊರಗಿನವರೇ ಆಗಿರಬೇಕು.

ಕಲಬುರಗಿ, ಬೀದರ್, ಯಾದಗಿರಿ, ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಲ್ಲಿ, ಪೊಲೀಸ್, ಕ್ರೀಡೆ ಮತ್ತು ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು. ಐಸ್ ನೀರಿನ ತೊಟ್ಟಿ ಮತ್ತು ತಣಿಸಲು ಗೊತ್ತಿರುವ ನಾಲ್ಕು ಜನ ಇಲ್ಲದೆ ಯಾವ ಓಟಕ್ಕೂ ಅನುಮತಿ ಕೊಡಬೇಡಿ. ಫೆಬ್ರುವರಿಯಿಂದ ಜೂನ್‌ವರೆಗೆ ಬೆಳಿಗ್ಗೆ ಎಂಟರ ಮೇಲೆ ಓಡಿಸಬೇಡಿ. ತಾಲ್ಲೂಕು ಆಸ್ಪತ್ರೆಗಳಲ್ಲೂ 108 ಸಿಬ್ಬಂದಿಗೂ ಇದರ ತರಬೇತಿ ಆಗಲಿ. ಮದುವೆ ಮನೆಗೆ, ಕಬ್ಬಿನ ಹಾಲಿನ ಅಂಗಡಿಗೆ ಸಿಗುವ ಐಸ್ ಮಕ್ಕಳ ಮೈದಾನಕ್ಕೂ ಸಿಗುತ್ತದೆ.

ನಾವು ಈಗ ಬೆಳಿಗ್ಗೆ 5.45ಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸುತ್ತೇವೆ. ಬೇವಿನ ಮರದ ಕೆಳಗೆ ಒಂದು ತೊಟ್ಟಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್, ಮಡಚಿಟ್ಟ ತಾಡಪತ್ರಿ ಇರುತ್ತದೆ. ಪ್ರತಿ ಭಾನುವಾರ ಹುಡುಗರೇ ಒಬ್ಬನನ್ನು ಮಲಗಿಸಿ, ಅಂಚು ಹಿಡಿದು, ನೀರು ಸುರಿದು ಅಭ್ಯಾಸ ಮಾಡುತ್ತಾರೆ. ಮೊನ್ನೆ ಆ ಹುಡುಗನೂ ಬಂದಿದ್ದ. ಈಗ ಸಣ್ಣ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ತಾಡಪತ್ರಿಯ ಒಂದು ಮೂಲೆ ಅವನೇ ಹಿಡಿದ.

— ಒಬ್ಬ ದೈಹಿಕ ಶಿಕ್ಷಕ, ಕಲಬುರಗಿ