ನನ್ನ ನಾದಿನಿಗೆ, ಮತ್ತೆ ನಿಮಗೆಲ್ಲರಿಗೂ

ನಿನ್ನೆ ಮಗಳ ರಿಪೋರ್ಟ್ ಬಂತು. ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿದೆ. ಇನ್ನು ಚೆಕಪ್‌ಗೆ ಬರೋದು ಬೇಡ ಅಂದರು ಡಾಕ್ಟರು. ತುಂಬು ಬಸುರಿಯಲ್ಲಿ ಡೆಂಗಿ ಬಂದು ನಾನು ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳಲ್ಲ. ಆದರೆ ಆ ಒಂದು ರಾತ್ರಿಯ ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಅವತ್ತು ಸಂಜೆ ಜ್ವರ ಬಿಟ್ಟಿತ್ತು. ಎಲ್ಲರಿಗೂ ಸಮಾಧಾನ. ಅಮ್ಮನನ್ನೂ ಇವರನ್ನೂ ಮನೆಗೆ ಕಳಿಸಿದೆ. ನಾದಿನಿ ಮಾತ್ರ ಕದಲಲಿಲ್ಲ. ಡೆಂಗಿಯಲ್ಲಿ ಜ್ವರ ಇಳಿಯೋ ಹೊತ್ತಿನ ಒಂದೆರಡು ದಿನವೇ ಅಪಾಯ, ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಕುಸಿಯಬಹುದು ಅಂತ ಸಿಸ್ಟರ್ ಹೇಳಿದ್ದನ್ನು ಅವಳು ಸರಿಯಾಗಿ ಕೇಳಿಸಿಕೊಂಡಿದ್ದಳು. ನೋಟ್‌ಬುಕ್ಕಿನ ಹಾಳೆಗೆ ಗೆರೆ ಎಳೆದು, ಎಷ್ಟು ಓಆರ್‌ಎಸ್ ಕುಡಿದೆ, ಎಷ್ಟು ಮೂತ್ರ ಹೋಯ್ತು ಅಂತ ಬರೆಯುತ್ತಾ ಕೂತಳು. ಹೊಟ್ಟೆಯಲ್ಲಿ ಮಗು ಒದ್ದಾಗಲೆಲ್ಲ ಅಂಚಿನಲ್ಲಿ ಒಂದು ಚುಕ್ಕಿ.

ನಡುರಾತ್ರಿ ಹೊಟ್ಟೆನೋವು ಶುರುವಾಯ್ತು. ಹೆರಿಗೆ ನೋವೇ ಇರಬೇಕು ಅಂದುಕೊಂಡೆ. ಅವಳು ನನ್ನ ಪಾದ ಮುಟ್ಟಿ ನೋಡಿದಳು. ತಣ್ಣಗಾಗಿತ್ತು. ಚಪ್ಪಲಿಯನ್ನೂ ಮೆಟ್ಟದೆ ಡ್ಯೂಟಿ ರೂಮಿಗೆ ಓಡಿದಳು. ಡಾಕ್ಟರು ಬಂದಿದ್ದು, ಡ್ರಿಪ್ ಜೋರು ಮಾಡಿದ್ದು ನನಗೆ ಮಸುಕು ಮಸುಕು. "ಅತ್ತಿಗೆ, ಕಣ್ಣು ಬಿಡ್ರಿ, ನನ್ನ ನೋಡ್ರಿ" ಅನ್ನೋ ದನಿ ಮಾತ್ರ ನೆನಪಿದೆ. ನಾನು ಉಳಿಯಲ್ಲ, ಮಗುವನ್ನ ನೀನೇ ನೋಡ್ಕೋ ಅಂದೆ. ಅದನ್ನು ಅವಳು ಇವತ್ತಿಗೂ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಬರೆಯುವಾಗ ನನಗೇ ಕೈ ನಡುಗ್ತಿದೆ. ಒಂದು ಲೋಟ ನೀರು ಕುಡಿದು ಬಂದೆ.

ಹೆರಿಗೆ ಹೊತ್ತಿಗೆ ತಾಯಿಗೆ ಡೆಂಗಿ ಇದ್ದರೆ ಮಗುವಿಗೂ ದಾಟಬಹುದು. ಹುಟ್ಟಿದ ಕೂಡಲೇ ಗೊತ್ತಾಗಲ್ಲ, ಕೆಲವು ದಿನ ಬಿಟ್ಟು ಜ್ವರ ಬರುತ್ತೆ. ನಮ್ಮ ಮಗಳಿಗೂ ಹಾಗೇ ಆಯ್ತು. ಸದ್ಯ, ಮುಂಚೆಯೇ ನಿಗಾ ಇಟ್ಟಿದ್ದರಿಂದ ಬೇಗ ಹಿಡಿದರು. ಎದೆಹಾಲು ನಿಲ್ಲಿಸಬೇಡಮ್ಮ ಅಂತ ಧೈರ್ಯ ಹೇಳಿದ ಎನ್‌ಐಸಿಯು (ಹಸುಗೂಸುಗಳ ಐಸಿಯು) ಸಿಸ್ಟರ್‌ಗೆ ದೊಡ್ಡ ನಮಸ್ಕಾರ.

ರಕ್ತ ಕೊಡೋಕೆ ಕೆಲಸ ಬಿಟ್ಟು ಓಡಿಬಂದ ಇವರ ಗೆಳೆಯರು, ಹರಿಹರದಿಂದ ಬುತ್ತಿ ಕಳಿಸಿದ ಚಿಕ್ಕಮ್ಮ, ದೊಡ್ಡ ಮಗನನ್ನು ತಮ್ಮ ಮನೆ ಮಗನ ಹಾಗೆ ನೋಡಿಕೊಂಡ ನಿಟುವಳ್ಳಿಯ ಅಕ್ಕಪಕ್ಕದವರು, ಎಲ್ಲರಿಗೂ ಋಣಿ. ಆಶಾ ಅಕ್ಕನಿಗೂ ಅಷ್ಟೇ. ನಮ್ಮ ಕಡೆ ನಲ್ಲಿ ನೀರು ದಿನಾ ಬರಲ್ಲ, ಡ್ರಮ್ಮಿನಲ್ಲಿ ತುಂಬಿಡಲೇಬೇಕು. ಡೆಂಗಿ ಹರಡೋ ಸೊಳ್ಳೆ ಮೊಟ್ಟೆ ಇಡೋದೂ ಅಂಥ ಶುದ್ಧ ನೀರಲ್ಲೇ. ನಾನು ಆಸ್ಪತ್ರೆಯಲ್ಲಿದ್ದಾಗ ಅವರು ಓಣಿಯ ಮನೆ ಮನೆಗೂ ಹೋಗಿ, ಮುಂದೆ ನಿಂತು ಡ್ರಮ್ಮು ಉಜ್ಜಿಸಿ ಬಟ್ಟೆ ಕಟ್ಟಿಸಿದರು. ಅದೇ ಓಣಿಯಲ್ಲಿ ಇನ್ನಿಬ್ಬರು ಬಸುರಿಯರಿದ್ದಾರೆ.

ಭಾನುವಾರ ತೊಟ್ಟಿಲು ಶಾಸ್ತ್ರ. ಕಿವಿಯಲ್ಲಿ ಹೆಸರು ಹೇಳೋದು ಸೋದರತ್ತೆಯೇ ಅಲ್ವಾ, ಈ ಸಲ ಹೆಸರು ಆರಿಸೋದನ್ನೂ ಅವಳಿಗೇ ಬಿಟ್ಟಿದ್ದೀವಿ. ಎಲ್ಲರೂ ಊಟಕ್ಕೆ ಬರ್ರಿ.