ಕ್ಲಚ್ ಬಿಚ್ಚಿ ನೋಡದೆಯೇ ‘ಸರಿಯಾಗಿದೆ’ ಎಂದು ಗಾಡಿ ಹಿಂದಿರುಗಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಅಧಿಕೃತ ದ್ವಿಚಕ್ರ ವಾಹನ ಸರ್ವಿಸ್ ಸೆಂಟರ್, ಕಲಬುರಗಿ

ಮಾನ್ಯರೇ,

ಫೋನಿನಲ್ಲಿ ವಿನಯದಿಂದ ಕೇಳಿಕೊಂಡದ್ದು ನಿಮ್ಮವರ ಕಿವಿಗೆ ಬೀಳದ ಕಾರಣ ಈ ಪತ್ರ ಬರೆಯಬೇಕಾಗಿದೆ. ನನ್ನ 125 ಸಿಸಿ ಬೈಕು ಇನ್ನೂ ವಾರಂಟಿ ಅವಧಿಯಲ್ಲಿದ್ದು, ಎಲ್ಲ ಸರ್ವಿಸ್‌ಗಳೂ ನಿಮ್ಮಲ್ಲೇ ಆಗಿವೆ. ತೊಂದರೆ ಏನೆಂಬುದನ್ನು ಜಾಬ್ ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆಸಿದ್ದೇನೆ: ಕಮಲಾಪುರ ದಾಟಿ ಹುಮನಾಬಾದ್ ಕಡೆ ಏರು ಹತ್ತುವಾಗ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದರೆ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ, ಹಿಂದೆ ಒಬ್ಬರು ಕುಳಿತಿದ್ದರಂತೂ ಸುಟ್ಟ ವಾಸನೆಯೂ ಬರುತ್ತದೆ. ಇದು ಕ್ಲಚ್ ಜಾರುವ, ಅಂದರೆ ಪ್ಲೇಟುಗಳ ಹಿಡಿತ ತಪ್ಪಿ ಎಂಜಿನ್ನಿನ ಬಲ ಗಾಲಿಗೆ ಪೂರ್ತಿ ತಲುಪದಿರುವ ಲಕ್ಷಣವೆಂದು ರಸ್ತೆ ಬದಿಯ ಮೆಕ್ಯಾನಿಕ್ ಕೂಡ ಹೇಳುತ್ತಾನೆ.

ನಿಮ್ಮ ಸೂಪರ್‌ವೈಸರ್ ಮಾಡಿದ ಪರೀಕ್ಷೆಯನ್ನು ಮಾತ್ರ ನಾನು ಮರೆಯಲಾರೆ. ಅವರು ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಗೇರಿಗೆ ಹಾಕಿ, ಹಿಂದಿನ ಗಾಲಿಯನ್ನು ಗಾಳಿಯಲ್ಲಿ ತಿರುಗಿಸಿ, “ನೋಡ್ರಿ, ಗಾಲಿ ತಿರಗ್ಲಾಕತ್ತದ. ಕ್ಲಚ್ ಛಲೋ ಅದ. ತೊಂದ್ರಿ ನಿಮ್ಮ ಕೈಯಾಗ ಅದ” ಎಂದರು. ಏರಿನಲ್ಲಿ ಓಡಿಸಿ ನೋಡಿ ಎಂದೆ. ಅದಕ್ಕೆ ಉತ್ತರವಾಗಿ ನನ್ನನ್ನೇ ಸೀಟಿನ ಮೇಲೆ ಕೂರಿಸಿ, ಎಂಜಿನ್ ಆಫ್ ಮಾಡಿ, “ಹಿಡೀರಿ ಸರ್, ಈಗ ಸಾವಕಾಶ್ ಬಿಡ್ರಿ. ಮತ್ತ ಹಿಡೀರಿ” ಎಂದು ಪಾಠ ಶುರುಮಾಡಿದರು. ವಾಟರ್ ಕೂಲರ್ ಪಕ್ಕದ ಬೆಂಚಿನಲ್ಲಿ ಕಾಯುತ್ತಿದ್ದ ಗ್ರಾಹಕರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಅವರಲ್ಲಿ ನನ್ನ ಶಾಲೆಯ ವಿದ್ಯಾರ್ಥಿಯೊಬ್ಬನ ತಂದೆಯೂ ಇದ್ದರು. ವಾಷಿಂಗ್ ಹುಡುಗ ನೀರಿನ ಪೈಪ್ ಕೆಳಗಿಟ್ಟು ನಕ್ಕ. ಮೂರು ದಶಕ ಗಾಡಿ ಓಡಿಸಿದ ಮೇಷ್ಟರಿಗೆ ಲಿವರ್ ಹಿಡಿಯುವುದನ್ನು ಉಚಿತವಾಗಿ ಕಲಿಸಿದ್ದಕ್ಕೆ ಧನ್ಯವಾದಗಳು. ಬಿಲ್ಲಿನಲ್ಲಿ ಅದಕ್ಕೆ ಲೇಬರ್ ಚಾರ್ಜ್ ಹಾಕದಿರುವುದು ನಿಮ್ಮ ಔದಾರ್ಯ.

ಭಾರವಿಲ್ಲದ ಗಾಲಿಯನ್ನು ಸವೆದ ಕ್ಲಚ್ಚೂ ತಿರುಗಿಸುತ್ತದೆ ಎಂಬುದು ನಿಮಗೆ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಫ್ರೀ ಪ್ಲೇ (ವೈರ್ ಎಳೆಯಲು ಶುರುವಾಗುವ ಮೊದಲು ಲಿವರ್ ಸಡಿಲವಾಗಿ ಆಡುವ ಅಂತರ) ಇರಬೇಕೆಂದಿದೆ. ನಿಮ್ಮವರು ‘ಅಡ್ಜಸ್ಟ್’ ಮಾಡಿ ಕೊಟ್ಟ ಮೇಲೆ ಕ್ಲಚ್ ವೈರ್ ತಂಬೂರಿ ತಂತಿಯಂತೆ ಬಿಗಿದಿದ್ದು, ಪ್ಲೇ ಎಂಬುದೇ ಉಳಿದಿಲ್ಲ. ಅಂದರೆ ನಾನು ಲಿವರ್ ಮುಟ್ಟದಿದ್ದರೂ ಕ್ಲಚ್ ಸ್ವಲ್ಪ ಎಳೆದುಕೊಂಡೇ ಇರುತ್ತದೆ, ಜಾರುವುದು ಇನ್ನಷ್ಟು ಹೆಚ್ಚಾಗುತ್ತದೆ. ಬಿಲ್ಲಿನಲ್ಲಿ ‘ಎಂಜಿನ್ ಆಯಿಲ್’ ಎಂದಷ್ಟೇ ಇದೆ, ದರ್ಜೆ ಇಲ್ಲ. ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುವ ಗಾಡಿಗೆ ಜಾಸೋ ಎಂಎ (ಇಂಥ ಕ್ಲಚ್ ಜಾರದಂತೆ ಬೈಕುಗಳಿಗೆಂದೇ ಇರುವ ಜಪಾನಿ ಮಾನದಂಡ) ದರ್ಜೆಯ ಆಯಿಲ್ ಬೇಕು. ಘರ್ಷಣೆ ತಗ್ಗಿಸುವ ಕಾರಿನ ಆಯಿಲ್ ಬಿದ್ದರೆ ಹೊಸ ಪ್ಲೇಟೂ ಜಾರಬಹುದು.

ಇಷ್ಟಾದ ಮೇಲೆ ನಿಮ್ಮ ಕಚೇರಿಯಿಂದ ಬಂದ ಉತ್ತರವೆಂದರೆ, ಕ್ಲಚ್ ಪ್ಲೇಟ್ ಸವೆಯುವ ಭಾಗವಾದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂಬುದು. ಆ ನಿಯಮವನ್ನು ನಾನೂ ಓದಿದ್ದೇನೆ. ಆದರೆ ‘ಛಲೋ’ ಇರುವ ಕ್ಲಚ್ಚು ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಸವೆದದ್ದು ಹೇಗೆ?

ಆದ್ದರಿಂದ ನನ್ನ ಎದುರಿಗೇ ಕ್ಲಚ್ ಬಿಚ್ಚಿ, ಫ್ರಿಕ್ಷನ್ ಪ್ಲೇಟುಗಳ ದಪ್ಪವನ್ನೂ ಸ್ಪ್ರಿಂಗುಗಳ ಉದ್ದವನ್ನೂ ವರ್ನಿಯರ್‌ನಲ್ಲಿ ಅಳೆದು, ಸ್ಟೀಲ್ ಪ್ಲೇಟುಗಳು ಸೊಟ್ಟಗಾಗಿವೆಯೇ ಎಂಬುದನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿ, ನಿಮ್ಮದೇ ಸರ್ವಿಸ್ ಮ್ಯಾನುವಲ್‌ನ ಮಿತಿಯೊಂದಿಗೆ ಹೋಲಿಸಿ ಬರವಣಿಗೆಯಲ್ಲಿ ಕೊಡಬೇಕು. ಸಹಜವಾಗಿ ಸವೆದಿದ್ದರೆ ಪ್ಲೇಟಿನ ಹಣ ಕೊಡುತ್ತೇನೆ, ಹಳೆಯ ಪ್ಲೇಟುಗಳನ್ನು ಒಯ್ಯುತ್ತೇನೆ. ನಿಮ್ಮ ಆಯಿಲಿನಿಂದಲೋ ಬಿಗಿದ ವೈರಿನಿಂದಲೋ ಹಾಳಾಗಿದ್ದರೆ ಪೂರ್ತಿ ಖರ್ಚು ನಿಮ್ಮದು.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಇದು ಆಗದಿದ್ದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಕಲಮಿನಂತೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಸೇವಾ ನ್ಯೂನತೆಯ ದೂರು ದಾಖಲಿಸುತ್ತೇನೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನನಗೆ ಬೇಸಿಗೆ ರಜೆಯೂ ಇದೆ. ನಿಮ್ಮ ಸೂಪರ್‌ವೈಸರ್ ತಮ್ಮ ಡಬಲ್ ಸ್ಟ್ಯಾಂಡ್ ಪರೀಕ್ಷೆಯನ್ನು ಆಯೋಗದ ಮುಂದೆ ವಿವರಿಸಲು ಸಿದ್ಧರಾಗಿರಲಿ.

ಇಂತಿ,
ನಿಮ್ಮ ಗ್ರಾಹಕ,
ಕಲಬುರಗಿ

ಲಗತ್ತು: ಜಾಬ್ ಕಾರ್ಡ್ ಹಾಗೂ ಬಿಲ್ಲಿನ ಪ್ರತಿಗಳು